ತಲಕಾಡಿಗೂ ಬೇಕು ಕ್ಯಾರವಾನ್ ತಂಗುದಾಣ

ಮಾನ್ಯರೇ,

ಹೊರದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ಪತಿ ಡಿಸೆಂಬರ್‌ನಲ್ಲಿ ರಜೆಗೆ ಬಂದಿದ್ದಾಗ, ನಾವಿಬ್ಬರೂ ಮಲಗಲು, ಅಡುಗೆಗೆ, ಶೌಚಕ್ಕೆ ವಾಹನದೊಳಗೇ ಅನುಕೂಲವಿರುವ ಬಾಡಿಗೆ ಕ್ಯಾರವಾನ್‌ನಲ್ಲಿ ಥಾರ್ ಮರುಭೂಮಿಯನ್ನು ಸುತ್ತಿ, ಜೈಸಲ್ಮೇರ್‌ನಿಂದ ಸುಮಾರು 40 ಕಿ.ಮೀ. ದೂರದ ಸಮ್ ಮರಳುದಿಬ್ಬಗಳ ಬಳಿ ಎರಡು ರಾತ್ರಿ ತಂಗಿದ್ದೆವು. ಒಣಹವೆಯಲ್ಲಿ ಮರಳು ಬೇಗನೆ ತಣ್ಣಗಾಗುವುದರಿಂದ ಸಂಜೆಯಾಗುತ್ತಲೇ ಚಳಿ ಆವರಿಸುತ್ತಿತ್ತಾದರೂ, ಅದಕ್ಕಿಂತ ಹೆಚ್ಚು ಕಾಡಿದ್ದು ವಾಹನದ ತೊಟ್ಟಿಯಲ್ಲಿ ಉಳಿದಿದ್ದ ನೀರಿನ ಲೆಕ್ಕ. ಪಾತ್ರೆಗಳನ್ನು ಅಲ್ಲಿನವರಂತೆ ಮರಳಿನಲ್ಲೇ ಉಜ್ಜಿದೆವು (ನಮ್ಮಜ್ಜಿ ನೋಡಿದ್ದರೆ ಮೆಚ್ಚುತ್ತಿದ್ದರು). ಮೆದು ಮರಳಿನಲ್ಲಿ ಚಕ್ರ ಹೂತುಹೋಗುವ ಭಯಕ್ಕೆ ಡಾಂಬರು ರಸ್ತೆಯ ಅಂಚನ್ನು ಬಿಡಲಿಲ್ಲ.

ಊರಿಗೆ ಮರಳಿ ಅಂಥದೇ ವಾಹನದಲ್ಲಿ ತಲಕಾಡಿಗೆ ಹೋದರೆ, ಕಾವೇರಿ ಪಕ್ಕದಲ್ಲೇ ಹರಿಯುತ್ತಿದ್ದರೂ, ತೊಟ್ಟಿಗೆ ನೀರು ತುಂಬಿಸಿಕೊಳ್ಳುವುದಕ್ಕಾಗಲಿ, ಶೌಚತ್ಯಾಜ್ಯವನ್ನು ಸುರಕ್ಷಿತವಾಗಿ ವಿಲೇವಾರಿ ಮಾಡುವುದಕ್ಕಾಗಲಿ ನಮಗೆ ಜಾಗ ಸಿಗಲಿಲ್ಲ. ದೇಗುಲಗಳನ್ನೇ ಹೂತಿಟ್ಟ ಆ ಮರಳಿಗೂ ನದಿಗೂ ಕೊಳೆ ಸೇರದಂತೆ, ದಿಬ್ಬಗಳಿಂದ ದೂರದಲ್ಲಿ ಒಂದು ತಂಗುದಾಣವನ್ನು ಸಂಬಂಧಪಟ್ಟವರು ಒದಗಿಸಲಿ.

– ಓದುಗರೊಬ್ಬರು, ಕುವೆಂಪುನಗರ, ಮೈಸೂರು