ಸೂರ್ಯನಗರದಲ್ಲಿ ಮೊದಲು ಒಳಾಂಗಣ ಕ್ರೀಡಾಂಗಣ ಕಟ್ಟಲಿ

ಮಾನ್ಯ ಸಂಪಾದಕರೇ,

ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ ಕರ್ನಾಟಕ ಗೃಹ ಮಂಡಳಿ ಕಟ್ಟಲಿರುವ ಕ್ರೀಡಾ ಸಂಕೀರ್ಣದ ವಿಚಾರ 2025ರಲ್ಲಿ ಹೊರಬಿದ್ದಾಗಿನಿಂದ ಎಲ್ಲರ ಬಾಯಲ್ಲೂ ಅದರ ಕ್ರಿಕೆಟ್ ಮೈದಾನದ್ದೇ ಮಾತು. ಆ ವರ್ಷದ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡ ಮೇಲೆ, ದೊಡ್ಡ ಕ್ರೀಡಾಂಗಣ ಊರ ಹೊರಗಿರಲಿ ಎಂಬ ವಾದವನ್ನು ಯಾರೂ ತಳ್ಳಿಹಾಕುವಂತಿಲ್ಲ. ಆದರೆ ಒಳಾಂಗಣ ಆಟಗಳಿಗೂ ಅಲ್ಲಿ ಜಾಗ ಮೀಸಲಿಡುವುದಾಗಿ ಹೇಳಿರುವುದರಿಂದ, ಕಾಮಗಾರಿಯನ್ನು ಅದರಿಂದಲೇ ಆರಂಭಿಸಬೇಕೆಂಬುದು ಚಂದಾಪುರದ ನಿವಾಸಿಯಾದ ನನ್ನ ಕೋರಿಕೆ.

ಬೆಂಗಳೂರಿನ ಹೆಸರು ಹೊತ್ತ ತಂಡಗಳಿಗೆ ಇಂದು ತವರು ಅಂಗಳವೇ ಗಟ್ಟಿಯಿಲ್ಲ. ಬೆಂಗಳೂರು ಬುಲ್ಸ್ ಕಬಡ್ಡಿ ತಂಡ 2017ರಲ್ಲಿ ತನ್ನ 'ತವರಿನ' ಪಂದ್ಯಗಳನ್ನು ನಾಗಪುರದಲ್ಲಿ ಆಡಿತು. ಕೋವಿಡ್ ಕಾಲದಲ್ಲಿ, 2021ರ ಡಿಸೆಂಬರ್‌ನಿಂದ, ಪ್ರೊ ಕಬಡ್ಡಿಯ ಇಡೀ ಆವೃತ್ತಿ ನಮ್ಮ ವೈಟ್‌ಫೀಲ್ಡ್‌ನ ಹೋಟೆಲೊಂದರ ಸಭಾಂಗಣದಲ್ಲೇ ನಡೆದರೂ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲವಾದ್ದರಿಂದ, ಊರಿನವರಾದ ನಾವೂ ಅದನ್ನು ಟಿ.ವಿ.ಯಲ್ಲೇ ನೋಡಿದೆವು. ಆಮೇಲೆ ಎರಡು ವರ್ಷ ಕಂಠೀರವ ಒಳಾಂಗಣಕ್ಕೆ ಬಂದ ಪಂದ್ಯಗಳು 2024 ಮತ್ತು 2025ರಲ್ಲಿ ಬೆಂಗಳೂರಿನತ್ತ ಸುಳಿಯಲೇ ಇಲ್ಲ. ವಾಲಿಬಾಲ್‌ನಲ್ಲಿ ಬೆಂಗಳೂರು ಟಾರ್ಪೆಡೋಸ್ 2025ರಲ್ಲಿ ಪ್ರೈಮ್ ವಾಲಿಬಾಲ್ ಲೀಗ್ ಗೆದ್ದರೂ ಆ ಸಂಭ್ರಮ ನಡೆದದ್ದು ಹೈದರಾಬಾದಿನ ಗಚ್ಚಿಬೌಲಿಯಲ್ಲಿ. ಗಚ್ಚಿಬೌಲಿಯೂ ಆ ನಗರದ ಹಳೆಯ ಪೇಟೆಯಿಂದ ದೂರದ ಹೊರವಲಯವೇ ಎಂಬುದನ್ನು ನಮ್ಮವರು ಗಮನಿಸಬೇಕು. ಪ್ರೇಕ್ಷಕರ ಕೊರತೆ ಇಲ್ಲಿಲ್ಲ. ಕೋರಮಂಗಲದ ಒಳಾಂಗಣ 2023ರ ಡಿಸೆಂಬರ್‌ನಲ್ಲಿ ಪುರುಷರ ವಿಶ್ವ ಕ್ಲಬ್ ವಾಲಿಬಾಲ್ ಟೂರ್ನಿಗೇ ಆತಿಥ್ಯ ನೀಡಿದೆ.

ಅದೇ ತಿಂಗಳು ಮಗನನ್ನು ಕಂಠೀರವಕ್ಕೆ ಕಬಡ್ಡಿ ನೋಡಲು ಕರೆದೊಯ್ದಿದ್ದೆ. ಎರಡನೇ ಪಂದ್ಯ ಮುಗಿದಾಗ ಹತ್ತು ಗಂಟೆ ದಾಟಿತ್ತು. ಕಾರ್ಪೊರೇಷನ್ ಸರ್ಕಲ್‌ವರೆಗೆ ನಡೆದು, ಬಸ್ಸಿಗೆ ಕಾದು ಹತ್ತಿ, ಕೆಂಪು ಜರ್ಸಿಯಲ್ಲೇ ತೊಡೆಯ ಮೇಲೆ ನಿದ್ದೆ ಹೋದ ಹುಡುಗನನ್ನು ಎತ್ತಿಕೊಂಡು ಚಂದಾಪುರದಲ್ಲಿ ಇಳಿಯುವಾಗ ಹನ್ನೆರಡೂವರೆ. ಮರುದಿನ ಅವನು ಶಾಲೆಗೆ ಹೋಗಲಿಲ್ಲವೆಂಬುದನ್ನು ಇಲ್ಲಿ ಬರೆಯಬಾರದೇನೋ.

ಇನ್ನು ಕಟ್ಟುವ ರೀತಿ. ಕಬಡ್ಡಿಯ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಬ್ಯಾಸ್ಕೆಟ್‌ಬಾಲ್‌ಗೆ 28 ಮತ್ತು 15, ಹ್ಯಾಂಡ್‌ಬಾಲ್‌ಗೆ 40 ಮತ್ತು 20 ಮೀಟರ್ ಬೇಕು. ಹ್ಯಾಂಡ್‌ಬಾಲ್‌ನ ಅಳತೆಗೆ ಮರದ ನೆಲ ಹಾಸಿ, ಕಬಡ್ಡಿಯ ದಿನ ಅದರ ಮೇಲೆ ಮ್ಯಾಟ್ ಹಾಸುವಂತೆಯೂ, ಅಂಚಿನ ಆಸನಗಳನ್ನು ಅಂಕಣದ ಹತ್ತಿರಕ್ಕೆ ಎಳೆದುಕೊಳ್ಳುವಂತೆಯೂ ವಿನ್ಯಾಸ ಮಾಡಿದರೆ ಒಂದೇ ಸೂರು ನಾಲ್ಕಾರು ಆಟಗಳಿಗೆ ಸಾಕಾಗುತ್ತದೆ. ಛಾವಣಿಯ ಎತ್ತರದಲ್ಲಿ ಮಾತ್ರ ಜಿಪುಣತನ ಬೇಡ, ಏಕೆಂದರೆ ಅಂತರರಾಷ್ಟ್ರೀಯ ವಾಲಿಬಾಲ್‌ಗೆ ಅಂಕಣದ ಮೇಲೆ 12.5 ಮೀಟರ್ ತೆರವಿರಬೇಕು. ಹವಾನಿಯಂತ್ರಣದ ಗಾಳಿ ನೇರವಾಗಿ ಅಂಕಣಕ್ಕೆ ಬಿದ್ದರೆ ಬ್ಯಾಡ್ಮಿಂಟನ್ ಆಡುವವರು ಶಟಲ್ ಹಿಂದೆ ಓಡುವುದೇ ಆಗುತ್ತದೆ.

ಕಟ್ಟಿದ ಮೇಲಿನ ಬಳಕೆಯದ್ದೇ ನನಗೆ ಹೆಚ್ಚಿನ ಚಿಂತೆ. ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಹುಡುಗರು ಮಳೆಗಾಲದ ಅಭ್ಯಾಸಕ್ಕೆ ಒಂದು ಒಳಾಂಗಣವನ್ನು ಕೇಳಲು ಹೋದಾಗ ಅಲ್ಲಿ ಸೀರೆ ಮೇಳ ನಡೆಯುತ್ತಿತ್ತು. ಮೇಳ ಮುಗಿದ ಮೇಲೆ ಹೋದರೆ ಮರದ ನೆಲದ ತುಂಬ ಮೊಳೆ ಹೊಡೆದ ತೂತುಗಳು, ಕೀಳಲಾಗದ ಅಂಟುಪಟ್ಟಿಗಳು. ಬಾಡಿಗೆಯ ಆದಾಯ ಬೇಡವೆನ್ನುವಷ್ಟು ಅಮಾಯಕ ನಾನಲ್ಲ. ಆದರೆ ವರ್ಷದಲ್ಲಿ ಎಷ್ಟು ದಿನ ಆಟಕ್ಕೆ, ಎಷ್ಟು ದಿನ ಇತರ ಕಾರ್ಯಕ್ರಮಗಳಿಗೆ ಎಂಬುದನ್ನು ಕಟ್ಟುವ ಮೊದಲೇ ಲಿಖಿತವಾಗಿ ನಿಗದಿಪಡಿಸಿ, ಪಂದ್ಯವಿಲ್ಲದ ದಿನಗಳ ಬೆಳಗಿನ ಹೊತ್ತನ್ನು ತಾಲ್ಲೂಕಿನ ಸರ್ಕಾರಿ ಶಾಲೆಗಳ ಮಕ್ಕಳಿಗೆ ಬಿಟ್ಟುಕೊಡಬೇಕು.

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊ ಓಡುತ್ತಿದೆ. ಪಂದ್ಯದ ರಾತ್ರಿಗಳಲ್ಲಿ ಕೊನೆಯ ರೈಲನ್ನು ತಡವಾಗಿ ಬಿಟ್ಟು, ಬೊಮ್ಮಸಂದ್ರ ನಿಲ್ದಾಣದಿಂದ ಸೂರ್ಯನಗರಕ್ಕೆ ಬಿಎಂಟಿಸಿ ಫೀಡರ್ ಬಸ್ಸುಗಳನ್ನು ಓಡಿಸುವ ಏರ್ಪಾಡು ಯೋಜನೆಯಲ್ಲೇ ಸೇರಿರಲಿ. ಇಲ್ಲವಾದರೆ ಬಸವನಗುಡಿ, ಜಯನಗರದ ಅಭಿಮಾನಿಗಳೆಲ್ಲ ಕಾರು ತಂದು, ಈಗಾಗಲೇ ಸಂಜೆಯ ಹೊತ್ತು ಅಲುಗಾಡದೆ ನಿಲ್ಲುವ ಚಂದಾಪುರ ವೃತ್ತದಲ್ಲಿ ನಮ್ಮ ಜೊತೆ ನಿಲ್ಲಬೇಕಾಗುತ್ತದೆ.

ಇಂತಿ,
ಕಬಡ್ಡಿ ಅಭಿಮಾನಿ, ಚಂದಾಪುರ