ಹಳೆ ಚೀಟಿ ಇನ್ನು ನಡೆಯುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯರೇ, ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ನಿದ್ದೆ ಗುಳಿಗೆ, ಆತಂಕದ ಗುಳಿಗೆ, ಜೋರು ನೋವಿನ ಗುಳಿಗೆ ಹಳೆ ಚೀಟಿ ಮೇಲೆ ನಮ್ಮಲ್ಲಿ ಸಿಗುವುದಿಲ್ಲ. ಅಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್, ಟ್ರಮಡಾಲ್ ಇಂಥವು. ಖಾಲಿ ಸ್ಟ್ರಿಪ್ ತೋರಿಸಿದರೂ ಇಲ್ಲ.

ನಿಯಮ ಹೊಸದೇನಲ್ಲ. ಈ ನಾಲ್ಕೂ ಸರ್ಕಾರದ ಔಷಧ ನಿಯಮಗಳ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ, ಆ ಪಟ್ಟಿ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಡಾಕ್ಟರ ಹೆಸರು-ವಿಳಾಸ, ರೋಗಿಯ ಹೆಸರು, ಎಷ್ಟು ಗುಳಿಗೆ ಕೊಟ್ಟೆವು ಎಲ್ಲ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. ಮತ್ತೆ ಕೊಡಬಹುದು ಎಂದು ಡಾಕ್ಟರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ. ಪರಿಚಯದವರು ಅಲ್ವಾ, ಚೀಟಿ ಆಮೇಲೆ ತನ್ನಿ ಎಂದು ನಾವೇ ಸಡಿಲ ಬಿಟ್ಟಿದ್ದುಂಟು. ಅದು ನಮ್ಮ ತಪ್ಪು.

ಹೋದ ವಾರ ಜೇವರ್ಗಿ ಕಡೆಯ ಹಿರಿಯರೊಬ್ಬರು ಚೀಟಿಗೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದಿದ್ದರು. ‘ಹರಿದು ಹೋಗ್ತದ್ರಿ’ ಅಂದರು. ಮೊದಲು ನಗು ಬಂತು, ಆಮೇಲೆ ಪಿಚ್ಚೆನಿಸಿತು. ಔಷಧ ಕೊಟ್ಟಾಗ ಚೀಟಿಯಲ್ಲಿ ಡಾಕ್ಟರ ಸಹಿಯ ಮೇಲ್ಭಾಗದಲ್ಲಿ ನಾವು ಅಂಗಡಿ ಹೆಸರು, ವಿಳಾಸ, ತಾರೀಖು ಬರೆಯಬೇಕು. ಪ್ಲಾಸ್ಟಿಕ್ ಮೇಲೆ ಪೆನ್ನು ಹತ್ತೀತೇ? ಒಳಗೆ ಮೂರು ತಿಂಗಳ ಹಿಂದಿನ ನಮ್ಮದೇ ಸೀಲು ಕಾಣುತ್ತಿತ್ತು. ವಾಟ್ಸಾಪ್ ಫೋಟೊದ್ದೂ ಇದೇ ಕತೆ. ಪುಣ್ಯಕ್ಕೆ ಅವರ ಡಾಕ್ಟರು ಊರಲ್ಲೇ ಇದ್ದರು, ಸಂಜೆಯೊಳಗೆ ಹೊಸ ಚೀಟಿ ತಂದರು.

ಆದರೆ ಬೆಂಗಳೂರು, ಸೊಲ್ಲಾಪುರ, ಹೈದರಾಬಾದ್‌ನಲ್ಲಿ ತೋರಿಸುವವರೂ ನಿಮ್ಮಲ್ಲಿ ಜಾಸ್ತಿ. ಒಂದು ಚೀಟಿಗಾಗಿ ರಾತ್ರಿಯಿಡೀ ರೈಲಿನಲ್ಲಿ ಕೂರುವುದು ಯಾರಿಗೆ ಬೇಕು? ಹಾಗಾಗಿ ಈ ಸಲ ಹೋದಾಗಲೇ ಕೇಳಿ. ಎಷ್ಟು ಸಲ, ಎಷ್ಟು ದಿನಕ್ಕೊಮ್ಮೆ ಕೊಡಬಹುದೆಂದು ಡಾಕ್ಟರಿಂದ ಚೀಟಿಯಲ್ಲೇ ಬರೆಸಿಕೊಳ್ಳಿ. ಅಷ್ಟಿದ್ದರೆ ನಾವು ತಕರಾರು ಮಾಡುವುದಿಲ್ಲ.

ಗುಳಿಗೆ ಸಿಗಲಿಲ್ಲವೆಂದು ಒಮ್ಮೆಗೇ ಬಿಡಬೇಡಿ. ಇದನ್ನು ಕೌಂಟರ್‌ನಲ್ಲಿ ದಿನಾ ಹೇಳುತ್ತೇವೆ, ಇಲ್ಲೂ ಹೇಳುತ್ತೇವೆ. ಅಲ್ಪ್ರಜೋಲಾಮ್, ಡಯಾಜೆಪಾಮ್ ತಿಂಗಳುಗಟ್ಟಲೆ ತಗೊಂಡವರು ದಿಢೀರ್ ನಿಲ್ಲಿಸಿದರೆ ನಿದ್ದೆ ಕೆಡುತ್ತದೆ, ಕೈ ನಡುಗುತ್ತದೆ, ಫಿಟ್ಸ್ ಕೂಡ ಬರಬಹುದು. ಇಳಿಸುವುದಿದ್ದರೆ ಡಾಕ್ಟರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಪಕ್ಕದ ಮನೆಯವರ ಸ್ಟ್ರಿಪ್‌ನಿಂದ ಸಾಲ ತರುವುದೂ ಬೇಡ. ಹತ್ತು ದಿನದ ಗುಳಿಗೆ ಉಳಿದಿರುವಾಗಲೇ ಬನ್ನಿ. ಹೆಸರು, ನಂಬರ್ ಬರೆಸಿದರೆ ನಾವೇ ಒಂದು ವಾರ ಮೊದಲು ಫೋನ್ ಮಾಡಿ ನೆನಪಿಸುತ್ತೇವೆ. ರಾತ್ರಿ ಹೊತ್ತು ಮನಸ್ಸಿಗೆ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ.

ಮಕ್ಕಳ ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಬರೆಯುವ ಮಿಥೈಲ್‌ಫೆನಿಡೇಟ್ ಮಾತ್ರ ನಮ್ಮಲ್ಲಿಲ್ಲ. ಅದು ಶೆಡ್ಯೂಲ್ ಎಕ್ಸ್ ಎಂಬ ಇನ್ನೂ ಬಿಗಿಯಾದ ಪಟ್ಟಿಯಲ್ಲಿದೆ, ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ಚೀಟಿಯೂ ಎರಡು ಪ್ರತಿ ಇರಬೇಕು, ಒಂದು ಅಂಗಡಿಯವರೇ ಇಟ್ಟುಕೊಳ್ಳುತ್ತಾರೆ. ಸುಮ್ನೆ ಇಲ್ಲಿಗೆ ಅಲೆಯಬೇಡಿ.

ಚೀಟಿ ಹರಿಯುತ್ತದೆ ಅನ್ನುವವರಿಗೆ ಪ್ಲಾಸ್ಟಿಕ್ ಕವರ್ ತರಿಸಿಟ್ಟಿದ್ದೇವೆ. ಕೌಂಟರ್‌ನಲ್ಲಿ ಕೇಳಿ, ಪುಕ್ಕಟೆ.

ಇಂತಿ,
ನಿಮ್ಮ ಔಷಧ ಅಂಗಡಿಯವರು
ಸೂಪರ್ ಮಾರ್ಕೆಟ್, ಕಲಬುರಗಿ