ಬಿಲ್ಲಿನ ಆ ‘ವರೆಗೆ’ ಬಗ್ಗೆ: ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಸಾಗರ ತಾಲ್ಲೂಕಿನ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯ ಇಂಟರ್‌ನೆಟ್ ಪ್ಲಾನಿನಲ್ಲಿ ವೇಗ ‘100 ಎಂಬಿಪಿಎಸ್ ವರೆಗೆ’ ಅಂತಿದೆ (ಎಂಬಿಪಿಎಸ್ ಅಂದರೆ ಇಂಟರ್‌ನೆಟ್ ವೇಗದ ಅಳತೆ). ನನ್ನ ತಕರಾರು ಆ ‘ವರೆಗೆ’ ಮೇಲೆ. ಇಲ್ಲಿನ ಅಡಿಕೆ ಮಂಡಿಯಲ್ಲಿ ‘ಒಂದು ಕ್ವಿಂಟಾಲ್ ವರೆಗೆ’ ಅಂತ ಚೀಟಿ ಬರೆದುಕೊಟ್ಟರೆ ಯಾರೂ ಸುಮ್ನೆ ಬಿಡುವುದಿಲ್ಲ.

ರಾತ್ರಿ ಎಂಟಕ್ಕೆ ಮಗಳ ಆನ್‌ಲೈನ್ ಟ್ಯೂಷನ್. ಮೇಷ್ಟ್ರು ಅರ್ಧ ಬಾಯಿ ತೆರೆದು ಹಾಗೇ ನಿಂತುಬಿಡುತ್ತಾರೆ. ಅಳೆದು ನೋಡಿದರೆ 3 ಎಂಬಿಪಿಎಸ್. ದೂರು ಕೊಟ್ಟೆ. ಹುಡುಗನೊಬ್ಬ ಬಂದ, ಬೆಳಿಗ್ಗೆ ಹನ್ನೊಂದಕ್ಕೆ. ರೌಟರಿಗೆ ಕೇಬಲ್ ಸಿಕ್ಕಿಸಿ ತನ್ನ ಲ್ಯಾಪ್‌ಟಾಪಿನಲ್ಲಿ ಟೆಸ್ಟ್ ಮಾಡಿದ. 94 ಬಂತು. ‘ನೋಡಿ ಸಾರ್, ಫುಲ್ ಬರ್ತಾ ಇದೆ’ ಅಂದ. ದೂರು ಕ್ಲೋಸ್. ಆ ಟೆಸ್ಟ್ ಹೋಗಿ ಬಂದದ್ದು ಕಂಪನಿಯದೇ ಸರ್ವರಿಗೆ, ಅಂದರೆ ಅವರದೇ ಕಂಪ್ಯೂಟರಿಗೆ, ಹೊರಗಿನ ಇಂಟರ್‌ನೆಟ್‌ಗೆ ಅಲ್ಲ. ಮನೆಯಿಂದ ದಣಪೆ (ಅಂಗಳದ ಗೇಟು) ತನಕ ದಾರಿ ಚೆನ್ನಾಗಿದೆ ಅಂತ ಗೊತ್ತಾಯಿತು, ಅಷ್ಟೇ. ರಾತ್ರಿ ಊರಿನವರೆಲ್ಲ ಒಟ್ಟಿಗೆ ಹೊರಟಾಗ ಅಲ್ಲಿಂದಾಚೆ ಎಷ್ಟು ಜಾಗ ಉಳಿಯುತ್ತದೆ ಅಂತ ಯಾರು ಅಳೆದರು? ಹುಡುಗನ ಮೇಲೆ ಬೇಜಾರಿಲ್ಲ ಬಿಡಿ, ಪಾಪ, ಕಾಫಿ ಕುಡಿದು ಹೋದ.

ತಮಾಷೆ ಅಂದರೆ, 3 ಬಂದರೂ ಅದು ಬ್ರಾಡ್‌ಬ್ಯಾಂಡೇ! 2023ರಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ (ಸುಮಾರು ಅರ್ಧ ಎಂಬಿಪಿಎಸ್) 2 ಎಂಬಿಪಿಎಸ್‌ಗೆ ಏರಿಸಿತು. 2ಕ್ಕಿಂತ ಜಾಸ್ತಿ ಇದೆಯಲ್ಲ, ಮತ್ತೇನು ಬೇಕು?

ನಿಮ್ಮ ಕಡೆಯಿಂದ ಆದೇಶಗಳಿಗೇನೂ ಬರ ಇಲ್ಲ. ಒಂದು ಲೈನನ್ನು ಎಷ್ಟು ಜನರಿಗೆ ಹಂಚುತ್ತೀರಿ ಅಂತ ಬಹಿರಂಗವಾಗಿ ಹೇಳಿ ಎಂದು ಟ್ರಾಯ್ 2009ರಲ್ಲೇ ಕಂಪನಿಗಳಿಗೆ ಸೂಚಿಸಿತ್ತು. ಡೇಟಾ ಮಿತಿ ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಅಂತ ಮೊದಲೇ ತಿಳಿಸಬೇಕು ಅಂತ 2016ರಲ್ಲಿ ಹೇಳಿತು. 2024ರ ನಿಯಮದಲ್ಲಿ ಮೊಬೈಲ್ ಕಂಪನಿಗಳು ಎಲ್ಲೆಲ್ಲಿ ನೆಟ್‌ವರ್ಕ್ ಸಿಗುತ್ತದೆ ಅಂತ ನಕ್ಷೆ ಹಾಕಬೇಕು ಅಂತಲೂ ಬಂತು. ಆದರೆ ನನ್ನ ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರೆ ಜಿಎಸ್‌ಟಿ ನಂಬರ್ ಸಿಗುತ್ತದೆ, ನನ್ನ ಲೈನನ್ನು ಎಷ್ಟು ಮನೆ ಹಂಚಿಕೊಂಡಿವೆ ಅನ್ನುವುದು ಮಾತ್ರ ಸಿಗುವುದಿಲ್ಲ.

ಅಮೆರಿಕದಲ್ಲಿ 2024ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಪ್ಲಾನ್ ಮಾರುವಾಗಲೇ ಒಂದು ಲೇಬಲ್ ತೋರಿಸಬೇಕು, ಬಿಸ್ಕೆಟ್ ಪ್ಯಾಕಿನ ಹಿಂದೆ ಇರುತ್ತದಲ್ಲ, ಹಾಗೆ. ಸಾಮಾನ್ಯವಾಗಿ ಸಿಗುವ ವೇಗ, ಡೇಟಾ ಮಿತಿ, ಶುಲ್ಕ ಎಲ್ಲ ಅದರಲ್ಲಿರುತ್ತದೆ.

ನನಗೆ ಅಷ್ಟೂ ಬೇಡ, ಒಂದು ಸಾಲು ಸಾಕು. ಕಳೆದ ತಿಂಗಳು ರಾತ್ರಿ 8ರಿಂದ 10 ಗಂಟೆಯೊಳಗೆ ನಮ್ಮೂರಿನ ಲೈನಿನಲ್ಲಿ, ಕಂಪನಿಯ ಆಚೆಗಿನ ಸರ್ವರಿಗೆ, ಸರಾಸರಿ ಎಷ್ಟು ವೇಗ ಬಂತು ಅಂತ ಬಿಲ್ಲಿನ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿಸಿ. ಮುಂದಿನ ತಿಂಗಳು ದುಡ್ಡು ಕಟ್ಟಬೇಕೋ ಬೇಡವೋ ನಾವೇ ನೋಡಿಕೊಳ್ಳುತ್ತೇವೆ.

ಇಂತಿ,
ಸಾಗರದ ಕಡೆಯ ಒಬ್ಬ ಗ್ರಾಹಕ